ವಾಹನದ ಚಾವಣಿ ಮೇಲೆ ಎರಡು ಆಂಟೆನಾ: ಒಂದರ ಸಿಗ್ನಲನ್ನು ಇನ್ನೊಂದು ಚದುರಿಸುತ್ತಿದೆಯೇ?

ಅಲೆಮಾರಿ ಕೇಳಿದ್ದು:

ವ್ಯಾನಿನ ಚಾವಣಿಯ ನಡುವೆ 435 ಮೆಗಾಹರ್ಟ್ಸ್‌ಗೆ ಕಾಲು ತರಂಗದ (ತರಂಗದೂರದ ಸುಮಾರು ಕಾಲು ಭಾಗ ಉದ್ದದ) ಕಡ್ಡಿ ಇದೆ, ಎತ್ತರ 16 ಸೆಂ.ಮೀ. ಅದರ ನೇರ ಹಿಂದೆ, ವಾಹನದ ನಡುಗೆರೆಯಲ್ಲೇ, 40 ಸೆಂ.ಮೀ. ದೂರಕ್ಕೆ 145 ಮೆಗಾಹರ್ಟ್ಸ್‌ನ ಕಾಲು ತರಂಗದ ಕಡ್ಡಿ, ಎತ್ತರ 49 ಸೆಂ.ಮೀ. ಎರಡಕ್ಕೂ ಬೇರೆ ಬೇರೆ ರೇಡಿಯೋ, ತಲಾ 4 ಮೀಟರ್ ಆರ್‌ಜಿ-58 ಎಂಬ ಕೋಆಕ್ಸಿಯಲ್ ಕೇಬಲ್. ಚಾವಣಿಯ ಎರಡೂ ಬದಿಗೆ ಸುಮಾರು ಒಂದು ಮೀಟರ್ ಉದ್ದದ ಲಗೇಜ್ ಕಂಬಿಗಳಿವೆ.

435ರಲ್ಲಿ ದೂರದ ಬೀಕನ್ (ಪರೀಕ್ಷೆಗೆಂದು ಸಿಗ್ನಲ್ ಕಳಿಸುತ್ತಿರುವ ಟ್ರಾನ್ಸ್‌ಮಿಟರ್) ಒಂದನ್ನು ಕೇಳುತ್ತ ವ್ಯಾನನ್ನು ತಿರುಗಿಸಿದರೆ ಒಳ್ಳೆಯ ದಿಕ್ಕಿಗೂ ಕೆಟ್ಟ ದಿಕ್ಕಿಗೂ 8 ಡೆಸಿಬೆಲ್ ವ್ಯತ್ಯಾಸ. 145ರ ಕಡ್ಡಿಯನ್ನು ಬಿಚ್ಚಿಟ್ಟರೆ ಅದು 3 ಡೆಸಿಬೆಲ್‌ಗೆ ಇಳಿಯುತ್ತದೆ. ಕಡ್ಡಿ ಹಾಗೇ ಇದ್ದು ಅದರ ಕೇಬಲನ್ನು ಮಾತ್ರ ರೇಡಿಯೋದಿಂದ ಕಳಚಿದರೆ ಸಿಗ್ನಲ್ ಕುಸಿಯುವ ಆ ತಗ್ಗು ಬೇರೆ ದಿಕ್ಕಿಗೆ ಸರಿಯುತ್ತದೆ, ಹೋಗುವುದಿಲ್ಲ. ಇಷ್ಟೆಲ್ಲ ಆದರೂ ಎರಡೂ ಆಂಟೆನಾದ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಎಷ್ಟು ಶಕ್ತಿ ಹಿಂದಕ್ಕೆ ಬರುತ್ತದೆ ಎಂಬುದರ ಅಳತೆ, 1 ಇದ್ದರೆ ಏನೂ ಬರುವುದಿಲ್ಲ) 1.3ರ ಒಳಗೇ ಇದೆ.

ಎಸ್‌ಡಬ್ಲ್ಯೂಆರ್ ಮೀಟರಿಗೆ ಇದೇಕೆ ಕಾಣುವುದಿಲ್ಲ? ಬಳಸದೇ ಇರುವ ಆಂಟೆನಾದ ಕೇಬಲಿಗೂ ಈ ತಗ್ಗಿಗೂ ಏನು ನಂಟು? ಚಾವಣಿಗೆ ಇನ್ನೊಂದು ತೂತು ಕೊರೆಯದೆ ಸರಿಪಡಿಸುವ ದಾರಿ ಇದೆಯೇ?

---

ತಾಮ್ರತಂತಿ:

ಕೇಬಲ್ ಕಳಚಿದಾಗ ತಗ್ಗು ಸರಿಯಿತು ಎಂದಿರಲ್ಲ, ರೋಗದ ಗುರುತು ಅಲ್ಲೇ ಇದೆ. ಬರೀ ಲೋಹದ ತುಂಡೊಂದು ಅಡ್ಡ ನಿಂತಿದ್ದರೆ ಕೇಬಲಿನ ಇನ್ನೊಂದು ತುದಿಯಲ್ಲಿ ಏನು ಮಾಡಿದರೂ ಏನೂ ಬದಲಾಗಬಾರದಿತ್ತು.

ಅಲೆ ಬಡಿದ ಕಡ್ಡಿಯಲ್ಲಿ ಕರೆಂಟ್ ಹುಟ್ಟುತ್ತದೆ. ಕರೆಂಟ್ ಹರಿಯುವ ಕಡ್ಡಿ ಮತ್ತೆ ಅಲೆ ಹೊರಸೂಸುತ್ತದೆ. ಅದು ಬಳಕೆಯಲ್ಲಿದೆಯೋ ಇಲ್ಲವೋ ಎಂಬುದು ಭೌತಶಾಸ್ತ್ರಕ್ಕೆ ಬೇಕಿಲ್ಲ. ಎಷ್ಟು ಕರೆಂಟ್ ಎಂಬುದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ: ಆ ಕಂಪನಾಂಕದಲ್ಲಿ ಕಡ್ಡಿಯ ಉದ್ದ ಅನುರಣನಕ್ಕೆ (ರೆಸೊನೆನ್ಸ್) ಹತ್ತಿರವಿದೆಯೇ ಎಂಬುದು, ಮತ್ತು ಬುಡಕ್ಕೆ ಯಾವ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) ಜೋಡಿಸಿದೆ ಎಂಬುದು.

ಪ್ರಮಾಣ ತಿಳಿಯಲು ಬಯಲಿನಲ್ಲಿರುವ ಅರ್ಧ ತರಂಗದ ಡೈಪೋಲನ್ನು (ನಡುವೆ ಕೇಬಲ್ ಸೇರುವ ಕಡ್ಡಿ, ಆ ನಡುವೇ ಅದರ ಬುಡ) ತೆಗೆದುಕೊಳ್ಳಿ. ಬುಡಕ್ಕೆ ಸರಿಹೊಂದುವ ಲೋಡ್ (ಶಕ್ತಿಯನ್ನು ಹೀರುವ ರಿಸೀವರ್ ಅಥವಾ ರೋಧಕ) ಇದ್ದರೆ ಅದು ರಿಸೀವರಿಗೆ ಕೊಟ್ಟಷ್ಟೇ ಶಕ್ತಿಯನ್ನು ಹೊರಕ್ಕೂ ಚದುರಿಸುತ್ತದೆ. ಆಗ ಅದರ ರಾಡಾರ್ ಅಡ್ಡಕೊಯ್ತ (ಅಲೆಯನ್ನು ಚದುರಿಸುವ ಮಟ್ಟಿಗೆ ಅದು ತೋರುವ ವಿಸ್ತೀರ್ಣ) ತರಂಗದೂರದ ವರ್ಗದ 0.21ರಷ್ಟು. ಬುಡವನ್ನು ಶಾರ್ಟ್ ಮಾಡಿದರೆ (ಲೋಡ್ ಇಲ್ಲದೆ ನೇರ ಜೋಡಿಸಿದರೆ) ಕರೆಂಟ್ ಇಮ್ಮಡಿಯಾಗಿ ಇದು ನಾಲ್ಕು ಪಟ್ಟು, ಅಂದರೆ 0.86 ಆಗುತ್ತದೆ. 435ರಲ್ಲಿ ತರಂಗದೂರ 69 ಸೆಂ.ಮೀ. ಹಾಗಾಗಿ ಕೆಲವೇ ಮಿಲಿಮೀಟರ್ ದಪ್ಪದ ತಂತಿ ಶಾರ್ಟ್ ಆಗಿದ್ದಾಗ 0.4 ಚದರ ಮೀಟರ್ ವಸ್ತುವಿನಂತೆ, ಮ್ಯಾಚ್ ಆಗಿದ್ದಾಗ (ಲೋಡ್ ಸರಿಹೊಂದಿದ್ದಾಗ) 0.1 ಚದರ ಮೀಟರ್ ವಸ್ತುವಿನಂತೆ ವರ್ತಿಸುತ್ತದೆ. 145ರಲ್ಲಿ ಇದೇ ಲೆಕ್ಕ 3.7 ಮತ್ತು 0.9 ಚದರ ಮೀಟರ್‌ಗೆ ಏರುತ್ತದೆ.

ನಿಮ್ಮ ಜೋಡಿಯಲ್ಲಿ ಇನ್ನೊಂದು ತೊಡಕಿದೆ. 435 ಎಂಬುದು 145ರ ಸರಿಯಾಗಿ ಮೂರು ಪಟ್ಟು. 145ಕ್ಕೆ ಕಾಲು ತರಂಗವಾದ ಕಡ್ಡಿ 435ಕ್ಕೆ ಮುಕ್ಕಾಲು ತರಂಗ, ಅಲ್ಲೂ ಅದು ಅನುರಣಿಸುತ್ತದೆ. ಇದಕ್ಕಿಂತ ಕೆಟ್ಟ ನೆರೆಯವನನ್ನು ಹುಡುಕಿದರೂ ಸಿಗುವುದು ಕಷ್ಟ.

ಈಗ ಬುಡದ ಲೋಡ್. ನಿಮ್ಮ 145ರ ರೇಡಿಯೋ 435ರಲ್ಲಿ 50 ಓಮ್ ಆಗಿರುವುದಿಲ್ಲ. ಅದರ ಮುಂಭಾಗದ ಫಿಲ್ಟರ್ 435ನ್ನು ಒಳಗೆ ಬಿಡದೆ ಬಂದಹಾಗೇ ಹಿಂದಕ್ಕೆ ತಳ್ಳುತ್ತದೆ. ಹಿಂದೆ ಬಂದ ಅಲೆ ಬುಡದಲ್ಲಿ ಓಪನ್‌ನಂತೆ (ಏನೂ ಜೋಡಿಸದಂತೆ) ಕಾಣುವುದೋ ಶಾರ್ಟ್‌ನಂತೆಯೋ ಎಂಬುದನ್ನು ಕೇಬಲಿನ ಉದ್ದ ನಿರ್ಧರಿಸುತ್ತದೆ. ಆರ್‌ಜಿ-58ರಲ್ಲಿ ವೇಗದ ಅಂಶ (ಬೆಳಕಿನ ವೇಗದ ಎಷ್ಟು ಪಾಲಿನಲ್ಲಿ ಅಲೆ ಸಾಗುತ್ತದೆ ಎಂಬುದು) 0.66, ಆದ್ದರಿಂದ 435ರಲ್ಲಿ ಕಾಲು ತರಂಗವೆಂದರೆ 11.4 ಸೆಂ.ಮೀ. ಕೇಬಲ್ ಅಷ್ಟೇ. ಅಷ್ಟು ಉದ್ದ ಹೆಚ್ಚುಕಡಿಮೆಯಾದರೆ ಓಪನ್ ಇದ್ದದ್ದು ಶಾರ್ಟ್ ಆಗುತ್ತದೆ. ನೀವು ರೇಡಿಯೋ ತುದಿಯಲ್ಲಿ ಕಳಚಿದಾಗ ಬುಡ ಓಪನ್ ಆಗಲಿಲ್ಲ, ಹಿಂದೆ ಬಂದ ಅಲೆಯ ಫೇಸ್ (ಏರಿಳಿತದ ಹಂತ) ಮಾತ್ರ ಬದಲಾಯಿತು. ಅದಕ್ಕೇ ತಗ್ಗು ಜಾಗ ಬದಲಿಸಿತು.

ಎಸ್‌ಡಬ್ಲ್ಯೂಆರ್ ವಿಷಯಕ್ಕೆ ಬಂದರೆ, ಆ ಮೀಟರ್ ಅಳೆಯುವುದು ಬುಡದ ಇಂಪೀಡೆನ್ಸನ್ನು. ಯಾವ ದಿಕ್ಕಿಗೆ ಎಷ್ಟು ಹೋಯಿತೆಂಬುದು ಅದರ ಕೆಲಸವೇ ಅಲ್ಲ. ಅರ್ಧ ತರಂಗ ದೂರದಲ್ಲಿ ನಿಂತ ಎರಡು ಕಾಲು ತರಂಗದ ಕಡ್ಡಿಗಳ ಪರಸ್ಪರ ಇಂಪೀಡೆನ್ಸ್ (ಒಂದರ ಕರೆಂಟ್ ಇನ್ನೊಂದರ ಮೇಲೆ ಬೀರುವ ಪ್ರಭಾವದ ಅಳತೆ) ಸುಮಾರು 16 ಓಮ್. ಎರಡನೆಯದನ್ನು ಶಾರ್ಟ್ ಮಾಡಿದರೆ ಅದರ ಕರೆಂಟ್ ಮೊದಲನೆಯದರ 0.44 ಪಟ್ಟು, ದಿಕ್ಕಿನಿಂದ ದಿಕ್ಕಿಗೆ 8 ಡೆಸಿಬೆಲ್ ಏರಿಳಿತಕ್ಕೆ ಅದು ಸಾಕು. ಆದರೆ ಅದರಿಂದ ಮೊದಲನೆಯ ಕಡ್ಡಿಯ 36 ಓಮ್ ಇಂಪೀಡೆನ್ಸ್ ಬದಲಾಗುವುದು ಬರೀ 7 ಓಮ್. ಮೇಲಿಂದ 4 ಮೀಟರ್ ಆರ್‌ಜಿ-58 ಈ ಕಂಪನಾಂಕದಲ್ಲಿ ಒಂದು ದಿಕ್ಕಿಗೇ ಸುಮಾರು 1.5 ಡೆಸಿಬೆಲ್ ನುಂಗುತ್ತದೆ. ಬುಡದಲ್ಲಿ 2 ಇದ್ದ ಎಸ್‌ಡಬ್ಲ್ಯೂಆರ್ ರೇಡಿಯೋ ಹತ್ತಿರ 1.6 ಎಂದು ತೋರುತ್ತದೆ. ಮೀಟರ್ ಚೆನ್ನಾಗಿ ತೋರಿಸಿದ ಮಾತ್ರಕ್ಕೆ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಕೆಲಸ ಮಾಡುತ್ತಿದೆ ಎಂದು ದಯವಿಟ್ಟು ಯಾರೂ ತಿಳಿಯಬೇಡಿ.

---

ಕಾಲುಅಲೆ:

ಮೇಲಿನ ವಿವರಣೆ ಸರಿ. ಆದರೆ ಸರಿಪಡಿಸುವ ಮೊದಲು ಅಳತೆ ಸರಿಯಾಗಬೇಕು, ಇಲ್ಲವಾದರೆ ನೆಲದ ಪ್ರತಿಫಲನವನ್ನೇ ಕಡ್ಡಿಯ ತಪ್ಪೆಂದು ಬರೆದುಕೊಳ್ಳುತ್ತೀರಿ.

ಬಯಲು ಜಾಗದಲ್ಲಿ ಸಣ್ಣ ಟ್ರಾನ್ಸ್‌ಮಿಟರನ್ನು ಲಂಬವಾದ ಕಡ್ಡಿಯೊಂದಿಗೆ 200–300 ಮೀಟರ್ ದೂರದಲ್ಲಿ ನಿಲ್ಲಿಸಿ. ಸುಮಾರು 4 ಮೀಟರ್ ಉದ್ದದ ವಾಹನಕ್ಕೆ 435ರಲ್ಲಿ ದೂರಕ್ಷೇತ್ರ (ಬರುವ ಅಲೆಯನ್ನು ಸಪಾಟೆಂದು ಎಣಿಸಬಹುದಾದಷ್ಟು ದೂರದ ವಲಯ) ಶುರುವಾಗುವುದು 46 ಮೀಟರ್ ಸುಮಾರಿಗೆ. ಅದಕ್ಕಿಂತ ಇನ್ನಷ್ಟು ದೂರ ಹೋಗಲು ಕಾರಣ ಬೇರೆಯೇ: ವೃತ್ತದಲ್ಲಿ ತಿರುಗಿಸುವಾಗ ವ್ಯಾನ್ ಹತ್ತು ಮೀಟರ್ ಹಿಂದೆ ಮುಂದೆ ಆಗುತ್ತದೆ, 100 ಮೀಟರ್‌ನಲ್ಲಿ ಅಷ್ಟಕ್ಕೇ ಒಂದು ಡೆಸಿಬೆಲ್ ಹತ್ತಿರದ ಸುಳ್ಳು ಏರಿಳಿತ ಬರುತ್ತದೆ, ನೆಲದ ಪ್ರತಿಫಲನ ಸೇರಿದರೆ ಇನ್ನೂ ಹೆಚ್ಚು. ಉತ್ತಮ ಕ್ರಮವೆಂದರೆ ನೆಲದ ಮೇಲೆ ಒಂದು ಗುರುತು ಹಾಕಿ, 435ರ ಕಡ್ಡಿ ಪ್ರತಿ ಸಲವೂ ಅದೇ ಗುರುತಿನ ಮೇಲೆ ಬರುವಂತೆ ಬೇರೆ ಬೇರೆ ಮುಖ ಮಾಡಿ ನಿಲ್ಲಿಸುವುದು. 22.5 ಡಿಗ್ರಿಗೊಂದರಂತೆ 16 ಅಳತೆ ಸಾಕು.

ರೇಡಿಯೋದ ಎಸ್-ಮೀಟರನ್ನು (ಸಿಗ್ನಲ್ ಬಲ ತೋರಿಸುವ ಮೀಟರ್) ನಂಬಬೇಡಿ. ಎಸ್‌ಡಿಆರ್ (ಸಾಫ್ಟ್‌ವೇರ್ ಆಧಾರಿತ) ರಿಸೀವರ್ ಇದ್ದರೆ ಎಜಿಸಿ (ಗೇನನ್ನು ತಾನೇ ಹೊಂದಿಸುವ ಏರ್ಪಾಡು) ಆಫ್ ಮಾಡಿ, ಗೇನ್ ಒಂದೇ ಕಡೆ ಇಟ್ಟು ಓದಿ. ಇಲ್ಲದಿದ್ದರೆ ಹಂತದ ಅಟೆನ್ಯುಯೇಟರ್ (ಸಿಗ್ನಲನ್ನು ಗೊತ್ತಾದಷ್ಟು ತಗ್ಗಿಸುವ ಸಾಧನ) ಹಾಕಿ ಮೀಟರ್ ಮುಳ್ಳನ್ನು ಪ್ರತಿ ಸಲ ಒಂದೇ ಗುರುತಿಗೆ ತಂದು ಡೆಸಿಬೆಲ್ ಎಣಿಸಿ. ಬಾಗಿಲು, ಡಿಕ್ಕಿ ಮುಚ್ಚಿರಲಿ, ಚಾವಣಿ ಹತ್ತಿರ ಯಾರೂ ನಿಲ್ಲದಿರಲಿ.

ಈ 16 ಅಳತೆಗಳನ್ನು ನಾಲ್ಕು ಸ್ಥಿತಿಗಳಲ್ಲಿ ಮಾಡಿ: 145ರ ಕಡ್ಡಿ ಬಿಚ್ಚಿ ಬುಡ ಮಾತ್ರ ಉಳಿದಾಗ, 50 ಓಮ್ ಲೋಡ್ ಹಾಕಿದಾಗ, ಬುಡ ಶಾರ್ಟ್ ಆದಾಗ, ಬುಡ ಓಪನ್ ಆದಾಗ. 50 ಓಮ್ ಲೋಡನ್ನು ಕೇಬಲಿನ ತುದಿಯಲ್ಲೇ ಹಾಕಬಹುದು, 50 ಓಮ್ ಕೇಬಲ್ ಅದನ್ನು ಹಾಗೇ ಬುಡಕ್ಕೆ ತಲುಪಿಸುತ್ತದೆ. ಓಪನ್ ಮತ್ತು ಶಾರ್ಟನ್ನು ಮಾತ್ರ ಬುಡದ ಕನೆಕ್ಟರಿನಲ್ಲೇ ಮಾಡಬೇಕು.

ಓದಿದ ಏರಿಳಿತದಿಂದ ಚದುರಿದ ಅಲೆಯ ಬಲವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ನೇರ ಅಲೆಯನ್ನು 1 ಎಂದಿಟ್ಟರೆ, ಚದುರಿದ ಅಲೆ 0.1 ಇದ್ದಾಗ ತಗ್ಗಿನಿಂದ ದಿಬ್ಬಕ್ಕೆ 1.7 ಡೆಸಿಬೆಲ್, 0.2ಕ್ಕೆ 3.5, 0.3ಕ್ಕೆ 5.4, 0.5ಕ್ಕೆ 9.5. ನಿಮ್ಮ 8 ಡೆಸಿಬೆಲ್ ಎಂದರೆ 0.43.

ತಗ್ಗುಗಳ ಸಂಖ್ಯೆ ದೂರವನ್ನು ಹೇಳುತ್ತದೆ. ಸುತ್ತಲೂ ಒಟ್ಟು ಏರಿಳಿತಗಳ ಸಂಖ್ಯೆ ಹೆಚ್ಚುಕಡಿಮೆ ದೂರದ ನಾಲ್ಕು ಪಟ್ಟನ್ನು ತರಂಗದೂರದಿಂದ ಭಾಗಿಸಿದಷ್ಟು. 40 ಸೆಂ.ಮೀ.ಗೆ ಎರಡು ಚಿಲ್ಲರೆ, ಒಂದು ಮೀಟರ್‌ಗೆ ಆರರ ಹತ್ತಿರ. ದೂರ ಹೆಚ್ಚಿದಂತೆ ತಗ್ಗುಗಳ ಆಳ ಕಡಿಮೆಯಾಗುತ್ತದೆ, ಸಂಖ್ಯೆ ಜಾಸ್ತಿಯಾಗುತ್ತದೆ. ಒಂದು ಮೀಟರ್‌ಗೆ ಸರಿಸಿದರೆ 0.43 ಇದ್ದದ್ದು ಸುಮಾರು 0.17ಕ್ಕೆ ಬಂದು ಏರಿಳಿತ 3 ಡೆಸಿಬೆಲ್ ಆದೀತು.

ಇನ್ನೊಂದು ಪರೀಕ್ಷೆ ಪುಕ್ಕಟೆಯಾಗಿ ಸಿಗುತ್ತದೆ. ಎರಡೂ ಕಡ್ಡಿ ನಡುಗೆರೆಯ ಮೇಲಿರುವುದರಿಂದ ಎಡ ಬಲ ಕನ್ನಡಿಯಂತೆ ಒಂದೇ ಆಗಿರಬೇಕು. ಎಡಕ್ಕೊಂದು ಬಲಕ್ಕೊಂದು ಬಂದರೆ ಮೂರನೆಯದೇನೋ ಅಲ್ಲಿ ಚದುರಿಸುತ್ತಿದೆ.

---

ಅಲೆಮಾರಿ:

ಹೀಗೆಯೇ ಅಳೆದೆ. ಶಾರ್ಟ್‌ನಲ್ಲಿ ಏರಿಳಿತ ಅತಿ ಹೆಚ್ಚು, 50 ಓಮ್‌ನಲ್ಲಿ ಸುಮಾರು ಅರ್ಧ, ಓಪನ್‌ನಲ್ಲಿ ಇನ್ನೂ ಕಡಿಮೆ, ಆದರೆ ಕಡ್ಡಿ ಬಿಚ್ಚಿದಷ್ಟು ಚೆನ್ನಾಗಿಲ್ಲ. ಓಪನ್ ಮಾಡಿದರೂ ಏಕೆ ಉಳಿಯುತ್ತದೆ? ಕಡ್ಡಿ ಬಿಚ್ಚಿದಾಗ ಉಳಿಯುವ 3 ಡೆಸಿಬೆಲ್‌ನಲ್ಲಿ ಎಡ ಬಲ ಒಂದೇ ಇಲ್ಲ, ಎಡಬದಿಯ ತಗ್ಗು ಆಳ. ಇನ್ನೊಂದು, 145ರ ಕಡ್ಡಿಯನ್ನು ತೆಳುವಾದ ಉಕ್ಕಿನ ತಂತಿಗೆ ಬದಲಿಸಿದರೆ ಪ್ರಯೋಜನವಾದೀತೇ?

---

ತಾಮ್ರತಂತಿ:

ತೆಳು ತಂತಿಯಿಂದ ಏನೂ ದಕ್ಕುವುದಿಲ್ಲ. ವಿದ್ಯುತ್ ಕ್ಷೇತ್ರಕ್ಕೆ ಸಮಾನಾಂತರವಾಗಿರುವ ತೆಳು ತಂತಿಯ ಚದುರಿಕೆ ದಪ್ಪಕ್ಕೆ ತಕ್ಕಂತೆ ಇಳಿಯುವುದಿಲ್ಲ, ದಪ್ಪದ ಲಾಗರಿದಮ್‌ಗೆ ತಕ್ಕಂತೆ ನಿಧಾನವಾಗಿ ಇಳಿಯುತ್ತದೆ. 3 ಮಿ.ಮೀ.ಯನ್ನು 1.5 ಮಾಡಿದರೆ ಅಳತೆಯಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ, ಕಡ್ಡಿಯ ಬ್ಯಾಂಡ್‌ವಿಡ್ತ್ ಮಾತ್ರ ಕಿರಿದಾಗುತ್ತದೆ. ಬದಲಿಗೆ ಮಡಚುವ ಬುಡ ಹಾಕಿ, ಬೇಡದಿದ್ದಾಗ ಕಡ್ಡಿಯನ್ನು ಚಾವಣಿಗೆ ಅಡ್ಡ ಮಲಗಿಸಿ. ಲಂಬ ಧ್ರುವೀಕರಣದ (ವಿದ್ಯುತ್ ಕ್ಷೇತ್ರ ಲಂಬವಾಗಿರುವ) ಅಲೆಗೆ ಅಡ್ಡ ಮಲಗಿದ ಕಡ್ಡಿ ಬಹುಮಟ್ಟಿಗೆ ಇಲ್ಲದಂತೆಯೇ.

ಓಪನ್ ಪ್ರಶ್ನೆ ಒಳ್ಳೆಯದು. ಕಾಲು ತರಂಗದ ಕಡ್ಡಿಯ ಬುಡ ಬಿಡಿಸಿದರೆ ಉಳಿಯುವುದು ಯಾವುದಕ್ಕೂ ಅಂಟಿರದ ಕಾಲು ತರಂಗದ ತುಂಡು. ಅನುರಣನಕ್ಕೆ ಕನಿಷ್ಠ ಅರ್ಧ ತರಂಗ ಬೇಕು, ಹಾಗಾಗಿ ಅದು ನಿಜಕ್ಕೂ ಮಾಯವಾಗುತ್ತದೆ. ನಿಮ್ಮ ಕಡ್ಡಿ 435ಕ್ಕೆ ಮುಕ್ಕಾಲು ತರಂಗ. ಬುಡ ಬಿಡಿಸಿದರೂ ಅದರೊಳಗೆ ಅರ್ಧ ತರಂಗಕ್ಕಿಂತ ಹೆಚ್ಚು ಉದ್ದ ಉಳಿದಿರುತ್ತದೆ, ಕರೆಂಟ್ ಹರಿಯಲು ಅಷ್ಟು ಸಾಕು. ಲೋಡಿನಿಂದ ಅಳಿಸಲಾಗದ ಈ ಪಾಲು ಕಡ್ಡಿಯ ಆಕಾರಕ್ಕೇ ಸೇರಿದ್ದು.

ಪರಿಹಾರಗಳಲ್ಲಿ ನನ್ನ ಮೊದಲ ಆಯ್ಕೆ: ಎರಡನೆಯ ಕಡ್ಡಿಯನ್ನೇ ತೆಗೆದುಹಾಕಿ, ನಡುವಿನ ತೂತಿಗೆ ಎರಡೂ ಬ್ಯಾಂಡಿನ ಒಂದೇ ಆಂಟೆನಾ ಹಾಕಿ, ಡೈಪ್ಲೆಕ್ಸರ್ (ಎರಡು ಬ್ಯಾಂಡನ್ನು ಬೇರ್ಪಡಿಸುವ ಫಿಲ್ಟರ್) ಮೂಲಕ ಎರಡು ರೇಡಿಯೋಗೆ ಹಂಚಿ. ಡೈಪ್ಲೆಕ್ಸರಿನಲ್ಲಿ ಹೋಗುವ ಅರ್ಧ ಡೆಸಿಬೆಲ್‌ನ ನಷ್ಟಕ್ಕೆ 8 ಡೆಸಿಬೆಲ್‌ನ ತಗ್ಗು ಹೋಗುವುದಾದರೆ ಯೋಚಿಸಬೇಕಾದ್ದೇ ಇಲ್ಲ.

ಎರಡು ಕಡ್ಡಿ ಇರಲೇಬೇಕೆಂದರೆ 145ರ ಕೇಬಲಿಗೆ ತುಂಡು ಕೇಬಲ್ ಸೇರಿಸಿ ನೋಡಿ. ಆರ್‌ಜಿ-58ರಲ್ಲಿ 22.8 ಸೆಂ.ಮೀ. ಸೇರಿಸಿದರೆ ಫೇಸ್ ಒಂದು ಪೂರ್ತಿ ಸುತ್ತು ಬರುತ್ತದೆ. ಆದ್ದರಿಂದ 5.7, 11.4, 17.1 ಸೆಂ.ಮೀ. ವ್ಯತ್ಯಾಸವಿರುವ ತುಂಡುಗಳನ್ನು ಒಂದೊಂದಾಗಿ ಹಾಕಿ ಅಳೆದರೆ, ಏನೂ ಹಾಕದ ಸ್ಥಿತಿಯೂ ಸೇರಿ, ಇಡೀ ವೃತ್ತ ಮುಗಿಯುತ್ತದೆ. ಕನೆಕ್ಟರಿನ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಿರಿ. 145ರಲ್ಲಿ ಆಂಟೆನಾ ಮ್ಯಾಚ್ ಆಗಿರುವುದರಿಂದ ಇದರಿಂದ ಅಲ್ಲಿ ಏನೂ ಕೆಡುವುದಿಲ್ಲ. ಮಿತಿ ಇಷ್ಟೇ: ಕೇಬಲಿನಲ್ಲಿ ಹೋಗಿಬರುವ 3 ಡೆಸಿಬೆಲ್ ನಷ್ಟದಿಂದ ಬುಡದ ಲೋಡಿನ ಮೇಲಿನ ನಿಮ್ಮ ಹಿಡಿತ 0.7 ಪಾಲಿಗೆ ಕುಗ್ಗಿರುತ್ತದೆ.

ಪೂರ್ತಿ ಹಿಡಿತ ಬೇಕೆಂದರೆ ಬುಡದಲ್ಲೇ ಟ್ರ್ಯಾಪ್ (ಒಂದು ಕಂಪನಾಂಕವನ್ನು ತಡೆಯುವ ಸರ್ಕ್ಯೂಟ್) ಹಾಕಬೇಕು. 20 ನ್ಯಾನೋಹೆನ್ರಿ ಸುರುಳಿಗೆ ಸಮಾನಾಂತರವಾಗಿ 6.7 ಪಿಕೋಫ್ಯಾರಡ್ ಕೆಪಾಸಿಟರ್, ಈ ಜೋಡಿಯನ್ನು ಕಡ್ಡಿಯ ಬುಡದಲ್ಲಿ ಸರಣಿಯಾಗಿ ಸೇರಿಸಿ. 435ರಲ್ಲಿ ಅದು ಓಪನ್. 145ರಲ್ಲಿ 20 ಓಮ್ ಇಂಡಕ್ಟಿವ್ ರಿಯಾಕ್ಟೆನ್ಸ್ (ಸುರುಳಿ ಒಡ್ಡುವಂಥ ತಡೆ), ಅದನ್ನು ಸರಿದೂಗಿಸಲು ಕಡ್ಡಿಯನ್ನು ತುಸು ತುಸುವೇ ಮೊಟಕು ಮಾಡುತ್ತ ಎಸ್‌ಡಬ್ಲ್ಯೂಆರ್ ನೋಡಿ. 6.7ರಲ್ಲಿ ಒಂದೇ ಒಂದು ಪಿಕೋಫ್ಯಾರಡ್ ಹೆಚ್ಚಾದರೆ ಟ್ರ್ಯಾಪ್ 30 ಮೆಗಾಹರ್ಟ್ಸ್ ಕೆಳಗೆ ಜಾರುತ್ತದೆ, ಆದ್ದರಿಂದ ಬುಡದ ಲೋಹದ ಕಪ್ಪಿನೊಳಗೆ ಕೂರಿಸಿದ ಮೇಲೆಯೇ ಟ್ಯೂನ್ ಮಾಡಿ.

ಸ್ಟಬ್ (ಸಾಲಿನ ಪಕ್ಕಕ್ಕೆ ಜೋಡಿಸುವ ತುಂಡು ಕೇಬಲ್) ಹಾಕುತ್ತೇನೆಂದು ಹೊರಡಬೇಡಿ. 145ಕ್ಕೆ ಕಾಲು ತರಂಗದ ಶಾರ್ಟ್ ಸ್ಟಬ್ ಅಲ್ಲಿ ಓಪನ್‌ನಂತೆ ಕಾಣುತ್ತದೆ ಎಂಬುದೇನೋ ನಿಜ, ಆದರೆ ಅದೇ ಮೂರು ಪಟ್ಟಿನ ನಂಟಿನಿಂದ 435ರಲ್ಲೂ ಓಪನ್ ಆಗಿಯೇ ಇರುತ್ತದೆ. ಇದ್ದರೂ ಇಲ್ಲದಂತೆ.

---

ದಿಕ್ಸೂಚಿ:

ಎಡಬದಿಯ ಆಳದ ತಗ್ಗಿಗೆ ನಾನು ಮೊದಲು ಅನುಮಾನಿಸುವುದು ಲಗೇಜ್ ಕಂಬಿಯನ್ನು. ಕಂಬಿ ಅಡ್ಡಕ್ಕಿದೆಯಲ್ಲ, ಲಂಬ ಅಲೆಗೆ ಏನು ಮಾಡೀತು ಎನ್ನಿಸುವುದು ಸಹಜ. ಕಂಬಿಯನ್ನಲ್ಲ, ಅದರ ಕೆಳಗಿನ ಸಂದನ್ನು ನೋಡಿ. ಎರಡು ತುದಿಯಲ್ಲಿ ಚಾವಣಿಗೆ ಬೆಸೆದುಕೊಂಡ ಕಂಬಿ ಮತ್ತು ಚಾವಣಿಯ ನಡುವಿನ ಸಂದು ಒಂದು ಸ್ಲಾಟ್, ಅಂದರೆ ಆಂಟೆನಾದಂತೆ ವರ್ತಿಸುವ ಸೀಳು. ಲಂಬ ವಿದ್ಯುತ್ ಕ್ಷೇತ್ರ ಸರಿಯಾಗಿ ಆ ಸಂದಿಗೆ ಅಡ್ಡಲಾಗಿ ಬೀಳುತ್ತದೆ. ಸ್ಲಾಟಿನ ಉದ್ದ 1.03 ಮೀಟರ್ ಹತ್ತಿರವಿದ್ದರೆ 145ಕ್ಕೆ ಅರ್ಧ ತರಂಗ, 435ಕ್ಕೆ ಮೂರು ಅರ್ಧ ತರಂಗ, ಎರಡರಲ್ಲೂ ಅನುರಣನ.

ಪರೀಕ್ಷೆಗೆ ಹಿಡಿಯುವ ಸಮಯ ಐದು ನಿಮಿಷ. ಕಂಬಿಯ ಸರಿ ನಡುವಿನಿಂದ ಚಾವಣಿಗೆ ತಾಮ್ರದ ಪಟ್ಟಿ ಒತ್ತಿ ಹಿಡಿಸಿ, ಬಣ್ಣ ಕೆರೆಯಲು ಇಷ್ಟವಿಲ್ಲದಿದ್ದರೆ 10 ಸೆಂ.ಮೀ. ಚೌಕದ ತಾಮ್ರದ ಅಂಟುಪಟ್ಟಿಯನ್ನು ಬಣ್ಣದ ಮೇಲೆಯೇ ಅಂಟಿಸಿ, ಕೆಪಾಸಿಟರಿನಂತೆ ಅದೇ ಶಾರ್ಟ್ ಆಗುತ್ತದೆ. ಒಂದು ಮತ್ತು ಮೂರು ಅರ್ಧ ತರಂಗದ ಎರಡೂ ಅನುರಣನಗಳಲ್ಲಿ ವೋಲ್ಟೇಜ್ ಶಿಖರ ನಡುವೆಯೇ ಇರುವುದರಿಂದ ಒಂದೇ ಪಟ್ಟಿ ಎರಡನ್ನೂ ಕೊಲ್ಲುತ್ತದೆ. ಉಳಿಯುವ ಅರೆ ಸ್ಲಾಟುಗಳು 435ಕ್ಕೆ ಮುಕ್ಕಾಲು ತರಂಗ, ಎರಡು ತುದಿಯೂ ಶಾರ್ಟ್ ಇರುವ ಸ್ಲಾಟಿಗೆ ಅದು ಅನುರಣನದ ಉದ್ದವಲ್ಲ. ಬಲಗಡೆಯ ಕಂಬಿ ಏಕೆ ಸುಮ್ಮನಿದೆ ಎಂದರೆ, ಅದರ ಒಂದು ಕಾಲಿನ ಬೋಲ್ಟ್ ಪ್ಲಾಸ್ಟಿಕ್ ವಾಷರಿನಿಂದ ಚಾವಣಿಗೆ ತಾಗದೇ ಇರಬಹುದು. ಓಮ್ ಮೀಟರ್ ಇಟ್ಟು ನೋಡಿ.

ದಿಕ್ಕು ಹುಡುಕುವ ವಾಹನಗಳಲ್ಲಿ ಇವೆಲ್ಲ ಇನ್ನೂ ದುಬಾರಿ. ನಾಲ್ಕು ಕಡ್ಡಿಗಳನ್ನು ಸರದಿಯಲ್ಲಿ ಸ್ವಿಚ್ ಮಾಡುವ ಡಾಪ್ಲರ್ ವ್ಯವಸ್ಥೆ ಫೇಸನ್ನೇ ಓದುತ್ತದೆ. ಚದುರಿದ ಅಲೆ 0.3 ಇದ್ದರೆ ಫೇಸ್ ದೋಷ 17 ಡಿಗ್ರಿ ದಾಟಬಹುದು. ಅಲ್ಲಿ ಸರದಿಯಲ್ಲಿಲ್ಲದ ಮೂರು ಕಡ್ಡಿಗಳು ಬುಡದಲ್ಲಿ ಓಪನ್ ಆಗಿರಬೇಕು, ಪಿನ್ ಡಯೋಡನ್ನು (ಸ್ವಿಚ್ಚಿನಂತೆ ಬಳಸುವ ಡಯೋಡ್) ಬುಡದಲ್ಲೇ ಇಡುವುದು ಅದಕ್ಕೇ. ಡಯೋಡುಗಳನ್ನು ಒಂದು ಪೆಟ್ಟಿಗೆಗೆ ತಂದು ಕೇಬಲ್ ಎಳೆದರೆ ಕೇಬಲ್ ಉದ್ದ ಅರ್ಧ ತರಂಗದ ಗುಣಕವಾಗಿರಬೇಕು, ಇಲ್ಲವಾದರೆ ಪೆಟ್ಟಿಗೆಯಲ್ಲಿ ಓಪನ್ ಮಾಡಿದ್ದು ಬುಡದಲ್ಲಿ ಶಾರ್ಟ್ ಆಗಿ ಕುಳಿತಿರುತ್ತದೆ. ವಾಹನ ಓಡುವಾಗ ಉದ್ದನೆಯ ಕಡ್ಡಿ ಗಾಳಿಗೆ ತೂಗಾಡಿದರೆ ಬೇರಿಂಗೂ (ಅಳೆದ ದಿಕ್ಕೂ) ಅದರ ಜೊತೆ ತೂಗುತ್ತದೆ.

ಕಡ್ಡಿಗಳ ಪಕ್ಕ ಜಿಪಿಎಸ್ ಆಂಟೆನಾ ಇಡುವವರಿಗೂ ಒಂದು ಮಾತು. 1575.42 ಮೆಗಾಹರ್ಟ್ಸ್‌ನಲ್ಲಿ ತರಂಗದೂರ 19 ಸೆಂ.ಮೀ. ದಾರಿ ತೋರಿಸುವ ಸಾಧಾರಣ ಬಳಕೆಗೆ ತೊಂದರೆಯಿಲ್ಲ. ಸೆಂಟಿಮೀಟರ್ ನಿಖರತೆಯ ಆರ್‌ಟಿಕೆ ವಿಧಾನದಲ್ಲಿ ಕ್ಯಾರಿಯರ್ ಫೇಸ್ (ಮೂಲ ಅಲೆಯದೇ ಫೇಸ್) ಅಳೆಯುವುದರಿಂದ 0.1 ಬಲದ ಚದುರಿಕೆಯೂ 3 ಮಿ.ಮೀ. ದೋಷ ತರುತ್ತದೆ.

---

ಕಾಲುಅಲೆ:

ಕಂಬಿಯ ಬೋಲ್ಟ್ ನೋಡುವಾಗ ತುಕ್ಕನ್ನೂ ನೋಡಿ. ತುಕ್ಕು ಹಿಡಿದ ಕೀಲು ಡಯೋಡಿನಂತೆ ವರ್ತಿಸಿ, ನೀವು 145ರಲ್ಲಿ ಮಾತಾಡುವಾಗ ಸರಿಯಾಗಿ 435ರಲ್ಲಿ ಮೂರನೆಯ ಹಾರ್ಮೋನಿಕ್ (ಮೂರು ಪಟ್ಟು ಕಂಪನಾಂಕದ ಅಲೆ) ಹೊರಸೂಸಬಹುದು. ಇದು ಚದುರಿಕೆಯಲ್ಲ. ಚದುರಿದ ಅಲೆಯ ಕಂಪನಾಂಕ ಬದಲಾಗುವುದಿಲ್ಲ, ಬಲವೂ ಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಬೇರ್ಪಡಿಸುವ ಬಗೆ: 145ರ ಪವರನ್ನು 3 ಡೆಸಿಬೆಲ್ ಇಳಿಸಿ. 435ರಲ್ಲಿ ಕೇಳುವ ಗದ್ದಲ 9 ಡೆಸಿಬೆಲ್ ಹತ್ತಿರ ಇಳಿದರೆ ಕೀಲನ್ನು ಬಿಚ್ಚಿ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. 3 ಡೆಸಿಬೆಲ್ ಮಾತ್ರ ಇಳಿದರೆ ಅದು ಟ್ರಾನ್ಸ್‌ಮಿಟರಿನದೇ ಹಾರ್ಮೋನಿಕ್ ಇರಬಹುದು, ಆಗ 145ರ ಸಾಲಿನಲ್ಲಿ ಲೋ-ಪಾಸ್ ಫಿಲ್ಟರ್ (ಮೇಲಿನ ಕಂಪನಾಂಕಗಳನ್ನು ತಡೆಯುವಂಥದ್ದು) ಬೇಕು.

ಕಂಬಿಗೆ ಪಟ್ಟಿ ಹಾಕಿದ ಮೇಲೆ ಮತ್ತೆ 16 ದಿಕ್ಕು ಅಳೆಯಿರಿ, 145ರ ಕಡ್ಡಿ ಬಿಚ್ಚಿದ ಸ್ಥಿತಿಯಿಂದಲೇ ಶುರುಮಾಡಿ. ಅಲ್ಲಿ ಎಡ ಬಲ ಒಂದಾಗದೆ ಟ್ರ್ಯಾಪ್, ತುಂಡು ಕೇಬಲ್‌ಗೆ ಕೈ ಹಾಕಿದರೆ ಎರಡು ಚದುರಿಕೆಗಳು ಒಂದರ ಮೇಲೊಂದು ಕೂತು ಯಾವುದು ಯಾವುದರದೆಂದು ತಿಳಿಯುವುದಿಲ್ಲ. ಎಲ್ಲ ಮುಗಿದ ಮೇಲೂ ಒಂದೆರಡು ಡೆಸಿಬೆಲ್ ಉಳಿದರೆ ಅದು ಚಾವಣಿಯ ಅಂಚುಗಳದ್ದು, ಕಡ್ಡಿ ನಡುವಿನಲ್ಲೇ ಇರುವಾಗ ಅದನ್ನು ಇನ್ನು ತಗ್ಗಿಸಲು ಆಗುವುದಿಲ್ಲ.